ಪರಸ್ಪರ ಅರಿಯೋಣ: ನಮ್ಮ ಮಕ್ಕಳು ಮತ್ತು ಎರಡು ಭಾಷೆಗಳ ಬದುಕು

(ಸಂಘದ ವಾರ್ಷಿಕ ಸಮಾರಂಭದ ಅಂಗವಾಗಿ ನಡೆದ ಪಾಲಕರ ಹಾಗೂ ಶಿಕ್ಷಕರ ಸಭೆಯಲ್ಲಿ ಉರ್ದು ಮತ್ತು ಕನ್ನಡ ಶಿಕ್ಷಕಿಯೊಬ್ಬರು ಮಾಡಿದ ಭಾಷಣ)

 

ಕಾರ್ಯದರ್ಶಿಗಳು ನನಗೆ ಕೊಟ್ಟ ವಿಷಯ ‘ಭಿನ್ನ ಸಂಸ್ಕೃತಿಗಳ ಜನರ ನಡುವೆ ಉತ್ತಮ ಸಂವಹನ’. ಈ ವಿಷಯ ಬಂದ ಕೂಡಲೇ ಅಮೇರಿಕ, ದುಬೈ, ದೊಡ್ಡ ಕಂಪನಿಗಳು ನಮ್ಮ ಕಣ್ಣ ಮುಂದೆ ಬರುತ್ತವೆ. ನಾನು ಅಷ್ಟು ದೂರ ಹೋಗುವುದಿಲ್ಲ. ಮನೆಯಲ್ಲಿ ಉರ್ದು ಮಾತನಾಡಿ, ಹೊಸ್ತಿಲು ದಾಟಿದ ಕೂಡಲೇ ಕನ್ನಡದಲ್ಲಿ ಬದುಕಬೇಕಾದ ನಮ್ಮ ಮಕ್ಕಳ ಬಗ್ಗೆ ಮಾತನಾಡುತ್ತೇನೆ. ಎರಡು ಸಂಸ್ಕೃತಿಗಳ ನಡುವೆ ಓಡಾಡುವುದಕ್ಕೆ ಅವರಿಗೆ ವಿಮಾನ ಬೇಕಿಲ್ಲ, ಒಂದು ಬೀದಿ ದಾಟಿದರೆ ಸಾಕು.

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ ಹತ್ತಕ್ಕಿಂತ ಸ್ವಲ್ಪ ಹೆಚ್ಚು ಮಂದಿ ಉರ್ದುವನ್ನು ಮಾತೃಭಾಷೆ ಎಂದು ಬರೆಸಿದ್ದಾರೆ. ಮುಸ್ಲಿಮರೆಲ್ಲರೂ ಉರ್ದು ಮಾತನಾಡುವವರೇ ಎಂದೇನೂ ಅಲ್ಲ. ಕರಾವಳಿಯಲ್ಲಿ ಬ್ಯಾರಿ ಭಾಷೆಯವರಿದ್ದಾರೆ, ಭಟ್ಕಳದಲ್ಲಿ ನವಾಯತರಿದ್ದಾರೆ, ಕನ್ನಡವನ್ನೇ ಮನೆಮಾತಾಗಿ ಉಳಿಸಿಕೊಂಡಿರುವ ಕುಟುಂಬಗಳೂ ಹಲವಾರಿವೆ. ನಾನು ಕಲಿಸುವುದು ಉರ್ದು ಮನೆಮಾತಿನ ಮಕ್ಕಳಿಗೆ. ಆದ್ದರಿಂದ ನನ್ನ ಮಾತು ಅವರನ್ನು ಕುರಿತದ್ದು.

ನಾನು ಹೇಳಬೇಕಾದ್ದು ಒಂದೇ ಸಂಗತಿ. ಇನ್ನೊಬ್ಬರ ಪದ ಗೊತ್ತಿದ್ದರೆ ಸಾಲದು, ಆ ಪದ ಅವರ ಮನೆಯಲ್ಲಿ ಯಾವ ಅರ್ಥದಲ್ಲಿ ಕೇಳಿಸುತ್ತದೆ ಎಂಬುದೂ ಗೊತ್ತಿರಬೇಕು. ಅದು ಗೊತ್ತಿಲ್ಲದಿದ್ದಾಗ ತಪ್ಪು ತಿಳಿಯುವ ಮೊದಲು ಕೇಳಬೇಕು. ಇದನ್ನು ಉದಾಹರಣೆಗಳ ಮೂಲಕ ತಿಳಿಸಲು ಪ್ರಯತ್ನಿಸುತ್ತೇನೆ.

ಎಂಟನೇ ತರಗತಿಯ ಮೌನ

ನಮ್ಮಲ್ಲಿ ಬಹಳಷ್ಟು ಉರ್ದು ಹಿರಿಯ ಪ್ರಾಥಮಿಕ ಶಾಲೆಗಳು ಏಳನೇ ತರಗತಿಗೆ ಮುಗಿಯುತ್ತವೆ. ಉರ್ದು ಪ್ರೌಢಶಾಲೆ ಎಲ್ಲ ಊರುಗಳಲ್ಲಿ ಇಲ್ಲ. ಹೀಗಾಗಿ ಏಳು ವರ್ಷ ಉರ್ದುವಿನಲ್ಲಿ ಗಣಿತ, ವಿಜ್ಞಾನ ಓದಿದ ಹುಡುಗಿ ಎಂಟನೇ ತರಗತಿಗೆ ಕನ್ನಡ ಮಾಧ್ಯಮದ ಶಾಲೆಯ ಬೆಂಚಿನ ಮೇಲೆ ಕುಳಿತುಕೊಳ್ಳುತ್ತಾಳೆ. ‘ಮುಸಲ್ಲಸ್’ ಎಂದು ಕಲಿತದ್ದು ಈಗ ‘ತ್ರಿಭುಜ’. ವಿಷಯ ಅವಳಿಗೆ ಗೊತ್ತಿದೆ, ಹೆಸರು ಗೊತ್ತಿಲ್ಲ. ಪ್ರಶ್ನೆ ಕೇಳಿದಾಗ ಉತ್ತರ ಮನಸ್ಸಿನಲ್ಲಿ ಉರ್ದುವಿನಲ್ಲಿ ಬರುತ್ತದೆ. ಅದನ್ನು ಕನ್ನಡ ಮಾಡಿಕೊಳ್ಳುವಷ್ಟರಲ್ಲಿ ಪಕ್ಕದ ಹುಡುಗಿ ಎದ್ದು ಉತ್ತರ ಹೇಳಿ ಕುಳಿತಿರುತ್ತಾಳೆ. ನಾಲ್ಕು ಸಲ ಹೀಗಾದ ಮೇಲೆ ಅವಳು ಪ್ರಯತ್ನಿಸುವುದನ್ನೇ ಬಿಡುತ್ತಾಳೆ.

ಗುರುಗಳು ‘ಈ ಮಗು ಮಂದ’ ಎಂದುಕೊಳ್ಳುತ್ತಾರೆ. ಮಗು ‘ಇವರಿಗೆ ನಾನು ಬೇಡ’ ಎಂದುಕೊಳ್ಳುತ್ತದೆ. ಎರಡೂ ಸುಳ್ಳು. ಆದರೆ ಎರಡು ಸುಳ್ಳುಗಳ ನಡುವೆ ಒಂದು ವರ್ಷ ಕಳೆದರೆ ಮನೆಯವರು ಬಂದು ವರ್ಗಾವಣೆ ಪತ್ರ ಕೇಳುತ್ತಾರೆ. ‘ಮನಸ್ಸಿಲ್ಲ, ಮನೆಯಲ್ಲೇ ಇರಲಿ’ ಎನ್ನುತ್ತಾರೆ. ಸಂವಹನ ಎಂಬ ದೊಡ್ಡ ಶಬ್ದದ ಹಿಂದೆ ನಮ್ಮ ಸಮಾಜದ ಮಟ್ಟಿಗೆ ಇರುವ ನಿಜವಾದ ಪ್ರಶ್ನೆ ಇದು. ಇದು ಭಾಷಣದ ಅಲಂಕಾರವಲ್ಲ, ಒಬ್ಬ ಹುಡುಗಿಯ ವಿದ್ಯಾಭ್ಯಾಸ.

ನೀನು ಮತ್ತು ನೀವು

ಉರ್ದುವಿನಲ್ಲಿ ಎದುರಿನವರನ್ನು ಕರೆಯಲು ಮೂರು ಮೆಟ್ಟಿಲುಗಳಿವೆ: ತೂ, ತುಮ್, ಆಪ್. ಕನ್ನಡದ ದಿನಬಳಕೆಯಲ್ಲಿ ಎರಡೇ: ನೀನು, ನೀವು. ‘ತಾವು’ ಎಂಬುದು ಸಭೆಗೆ, ಪತ್ರಕ್ಕೆ. ಈಗ ನಮ್ಮ ಮನೆಗಳ ದಖ್ಖನಿಯನ್ನು ನೋಡಿ. ಅಲ್ಲಿ ‘ತುಮ್’ ಎಂಬುದೇ ಹೆಚ್ಚು ಬಳಕೆ. ಅಜ್ಜಿಗೂ ತುಮ್, ಪಕ್ಕದ ಮನೆಯ ಚಾಚಾಗೂ ತುಮ್. ಅದರಲ್ಲಿ ಅಗೌರವ ಯಾರಿಗೂ ಕೇಳಿಸುವುದಿಲ್ಲ. ಮಗು ಕನ್ನಡಕ್ಕೆ ಬಂದಾಗ ‘ತುಮ್’ ಇದ್ದ ಜಾಗದಲ್ಲಿ ‘ನೀನು’ ಇಡುತ್ತದೆ. ‘ಸರ್, ನೀನು ಹೇಳಿದ ಲೆಕ್ಕ ಮಾಡಿದ್ದೇನೆ’ ಎಂದು ಸಂತೋಷದಿಂದ ಹೇಳುತ್ತದೆ. ಗುರುಗಳಿಗೆ ಲೆಕ್ಕ ಕೇಳಿಸುವುದಿಲ್ಲ, ‘ನೀನು’ ಮಾತ್ರ ಕೇಳಿಸುತ್ತದೆ. ‘ಇವರ ಮನೆಯಲ್ಲಿ ಮರ್ಯಾದೆ ಕಲಿಸಿಲ್ಲ’ ಎಂಬ ಮಾತು ಅಲ್ಲಿಂದ ಹುಟ್ಟುತ್ತದೆ.

ಇದರ ಇನ್ನೊಂದು ಬದಿಯೂ ಇದೆ. ಕನ್ನಡದ ಮನೆಗಳಲ್ಲಿ ಮಗು ತಾಯಿಗೆ ‘ಅಮ್ಮಾ, ನೀನು ಬಾ’ ಎನ್ನುತ್ತದೆ. ಅದು ಸಲುಗೆ, ಪ್ರೀತಿ. ‘ಅಮ್ಮಾ, ನೀವು ಬನ್ನಿ’ ಎಂದರೆ ಎಷ್ಟೋ ತಾಯಂದಿರಿಗೆ ಮಗ ದೂರವಾದಂತೆ ಅನ್ನಿಸುತ್ತದೆ. ತಾಯಿಗೆ ‘ಆಪ್’ ಎನ್ನುವುದನ್ನು ಕಲಿಸಿದ ಮನೆಯಿಂದ ಹೋದವರಿಗೆ ಇದು ಒರಟಾಗಿ ಕೇಳಬಹುದು. ಒಂದು ಮನೆಯ ಪ್ರೀತಿ ಇನ್ನೊಂದು ಮನೆಗೆ ಒರಟುತನ. ಯಾರೂ ತಪ್ಪು ಮಾಡಿಲ್ಲ.

ಕೇಳಿಕೊಳ್ಳುವ ರೀತಿಯಲ್ಲೂ ವ್ಯತ್ಯಾಸವಿದೆ. ಉರ್ದು ವಿನಯವನ್ನು ಪದಗಳಿಂದ ತೋರಿಸುತ್ತದೆ: ಮೆಹರ್ಬಾನಿ, ತಕ್ಲೀಫ್, ಶುಕ್ರಿಯಾ, ಜ಼ರಾ. ಕನ್ನಡ ವಿನಯವನ್ನು ಹೆಚ್ಚಾಗಿ ಕ್ರಿಯಾಪದದ ಬಾಲದಲ್ಲಿ ಇಡುತ್ತದೆ: ಕೊಡಿ, ಬನ್ನಿ, ಕೂತ್ಕೊಳ್ಳಿ. ಧಾರವಾಡದ ಕಡೆ ಹೋದರೆ ಬರ್ರಿ, ಕುಂದರ್ರಿ. ನಮ್ಮ ಮಗು ಪಠ್ಯಪುಸ್ತಕದ ‘ದಯವಿಟ್ಟು’ ಕಲಿತು ‘ಮೇಡಂ, ದಯವಿಟ್ಟು ಪುಸ್ತಕ ಕೊಡು’ ಎಂದರೆ, ಆ ‘ಕೊಡು’ ಇಡೀ ವಿನಯವನ್ನು ನುಂಗಿಬಿಡುತ್ತದೆ. ‘ಸ್ವಲ್ಪ ಪುಸ್ತಕ ಕೊಡ್ತೀರಾ?’ ಎಂದರೆ ‘ದಯವಿಟ್ಟು’ ಬೇಕಾಗಿಯೇ ಇಲ್ಲ. ಈ ‘ಸ್ವಲ್ಪ’ ಎಂಬುದು ನಮ್ಮ ‘ಜ಼ರಾ’ ಇದ್ದಂತೆ. ಇದು ವ್ಯಾಕರಣದ ಪಾಠದಲ್ಲಿ ಬರುವುದಿಲ್ಲ. ಬಾಯಿಂದ ಬಾಯಿಗೆ ಕಲಿಸಬೇಕು.

ಪದ ಒಂದೇ, ಅರ್ಥ ಎರಡು

ಕನ್ನಡದಲ್ಲಿ ಅರಬ್ಬಿ, ಪಾರ್ಸಿ ಮೂಲದ ಪದಗಳು ಬಹಳ ಇವೆ ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ನಿಜ. ಜಿಲ್ಲೆ, ತಾಲ್ಲೂಕು, ತಹಶೀಲ್ದಾರ, ಅರ್ಜಿ, ದಾಖಲೆ, ಹಾಜರಿ, ಬಾಕಿ, ವಸೂಲಿ, ತಾರೀಖು, ರಸೀದಿ, ಜಾಮೀನು, ಕಾಗದ, ಕುರ್ಚಿ ಇವೆಲ್ಲ ಆ ದಾರಿಯಲ್ಲಿ ಬಂದವು. ರೈತ ಎಂಬ ನಮ್ಮ ನಾಡಿನ ಅಚ್ಚುಮೆಚ್ಚಿನ ಪದವೂ ‘ರಯ್ಯತ್’ ಎಂಬುದರಿಂದ ಬಂದದ್ದೇ. ಸರ್ಕಾರಿ ಕಛೇರಿಯ ಫಾರಂ ಓದುವಾಗ ನಮ್ಮ ಮಕ್ಕಳಿಗೆ ಅರ್ಧ ಪದಗಳು ಮನೆಯವೇ ಆಗಿರುತ್ತವೆ. ಅವರಿಗೆ ಇದನ್ನು ತೋರಿಸಿಕೊಟ್ಟರೆ ಕನ್ನಡದ ಭಯ ಅರ್ಧ ಕಡಿಮೆಯಾಗುತ್ತದೆ.

ಆದರೆ ಎಚ್ಚರವಿರಬೇಕು. ಪರಿಚಯದ ಮುಖ ಹೊತ್ತ ಪದವೇ ಹೆಚ್ಚು ಮೋಸ ಮಾಡುತ್ತದೆ. ‘ಹುಷಾರು’ ಪದವನ್ನು ತೆಗೆದುಕೊಳ್ಳಿ. ಉರ್ದುವಿನಲ್ಲಿ ಹೋಶಿಯಾರ್ ಎಂದರೆ ಜಾಣ. ಕನ್ನಡದಲ್ಲಿ ಹುಷಾರು ಎಂದರೆ ಜಾಣನೂ ಹೌದು, ಎಚ್ಚರವೂ ಹೌದು, ಆರೋಗ್ಯವೂ ಹೌದು. ‘ನಿಮ್ಮ ಮಗಳಿಗೆ ಹುಷಾರಿಲ್ಲ, ಬಂದು ಕರೆದುಕೊಂಡು ಹೋಗಿ’ ಎಂದು ಶಾಲೆಯಿಂದ ಫೋನ್ ಬಂದರೆ, ಮಗುವಿಗೆ ಜ್ವರ ಬಂದಿದೆ ಎಂದು ಅರ್ಥ. ಕನ್ನಡ ಕಡಿಮೆ ಬರುವ ತಾಯಿಗೆ ‘ನಿಮ್ಮ ಮಗಳು ದಡ್ಡಿ, ಕರೆದುಕೊಂಡು ಹೋಗಿ’ ಎಂದು ಕೇಳಿಸಬಹುದು. ಆ ತಾಯಿ ಯಾವ ಮುಖ ಹೊತ್ತು ಶಾಲೆಗೆ ಬರುತ್ತಾಳೆ, ಯೋಚಿಸಿ.

‘ರಾಜೀನಾಮೆ’ ಇನ್ನೂ ಅಪಾಯಕಾರಿ. ಕನ್ನಡದಲ್ಲಿ ರಾಜೀನಾಮೆ ಎಂದರೆ ಹುದ್ದೆ ಬಿಡುವುದು. ಉರ್ದುವಿನಲ್ಲಿ ಅದಕ್ಕೆ ಇಸ್ತೀಫಾ ಎನ್ನುತ್ತಾರೆ. ರಾಜ಼ೀನಾಮಾ ಎಂದರೆ ಒಪ್ಪಂದ, ರಾಜಿ ಪತ್ರ. ಯಾವುದೋ ಸಮಿತಿಯಲ್ಲಿ ಜಗಳವಾದಾಗ ಉರ್ದು ಬಲ್ಲ ಹಿರಿಯರು ‘ರಾಜ಼ೀನಾಮಾ ಮಾಡಿಕೊಳ್ಳಿ’ ಎಂದು ಒಳ್ಳೆಯ ಮನಸ್ಸಿನಿಂದ ಹೇಳಿದರೆ, ಕನ್ನಡದ ಸದಸ್ಯರು ‘ನಾನ್ಯಾಕೆ ರಾಜೀನಾಮೆ ಕೊಡಲಿ?’ ಎಂದು ಸಿಟ್ಟಿಗೇಳುತ್ತಾರೆ. ಹಾಗೆಯೇ ‘ಜಾಸ್ತಿ’. ಕನ್ನಡದಲ್ಲಿ ಅದು ಬರೀ ‘ಹೆಚ್ಚು’. ಉರ್ದುವಿನ ‘ಜ಼್ಯಾದತೀ’ ಎಂದರೆ ದೌರ್ಜನ್ಯ.

ಪದ ಇಲ್ಲದ ಕಡೆಯೂ ತೊಂದರೆಯಾಗುತ್ತದೆ. ಉರ್ದುವಿನಲ್ಲಿ ನಿನ್ನೆಗೂ ‘ಕಲ್’, ನಾಳೆಗೂ ‘ಕಲ್’. ಮೊನ್ನೆಗೂ ‘ಪರ್ಸೋಂ’, ನಾಡಿದ್ದಕ್ಕೂ ‘ಪರ್ಸೋಂ’. ವಾಕ್ಯದ ಕ್ರಿಯಾಪದ ನೋಡಿ ಅರ್ಥ ಮಾಡಿಕೊಳ್ಳುತ್ತೇವೆ. ಕನ್ನಡದಲ್ಲಿ ನಾಲ್ಕಕ್ಕೂ ನಾಲ್ಕು ಪದ. ಅದಕ್ಕೇ ನಮ್ಮ ಮಗು ‘ಟೀಚರ್, ನಿನ್ನೆ ನಾನು ಬರೋದಿಲ್ಲ’ ಎನ್ನುತ್ತದೆ. ತರಗತಿ ನಗುತ್ತದೆ. ಉಚ್ಚಾರಣೆಯೂ ಅಷ್ಟೇ. ಉರ್ದುವಿನಲ್ಲಿ ‘ಳ’ ಇಲ್ಲ. ‘ನಮ್ಮ ಹಳ್ಳಿಯಲ್ಲಿ ಮಳೆ ಬಂತು’ ಎನ್ನಲು ಹೋಗಿ ಮಗು ‘ನಮ್ಮ ಹಲ್ಲಿಯಲ್ಲಿ ಮಲೆ ಬಂತು’ ಎನ್ನುತ್ತದೆ. ಮತ್ತೆ ನಗು. ಅದೇ ಕನ್ನಡದ ಮಗುವಿಗೆ ನಮ್ಮ ‘ಖ಼ುದಾ’, ‘ಗ಼ಜ಼ಲ್’ ಸರಿಯಾಗಿ ಹೇಳಲು ಹೇಳಿ ನೋಡಿ, ಆಗ ನಾವು ನಗುತ್ತೇವೆ. ನಾಲಿಗೆಗೆ ಅಭ್ಯಾಸವಿಲ್ಲದ ಧ್ವನಿ ಎಲ್ಲರಿಗೂ ಕಷ್ಟ. ಗುರುಗಳಲ್ಲಿ ನನ್ನ ವಿನಂತಿ: ಹುಡುಗರು ನಕ್ಕರೆ ಇದೇ ವಿವರಣೆಯನ್ನು ತರಗತಿಗೆ ಕೊಡಿ. ನಕ್ಕವರಿಗೂ ಒಂದು ಪಾಠವಾಗುತ್ತದೆ, ಬಾಯಿ ಮುಚ್ಚಿದ ಮಗುವೂ ಮತ್ತೆ ಬಾಯಿ ತೆರೆಯುತ್ತದೆ.

ದೂರವಿರುವಷ್ಟೇ ಹತ್ತಿರವೂ ಇದ್ದೇವೆ. ಕನ್ನಡದ ಮನೆಗಳಲ್ಲಿ ‘ದೀಪ ಆರಿಸು’ ಎನ್ನುವುದು ಅಶುಭವೆಂದು ‘ದೀಪ ದೊಡ್ಡದು ಮಾಡು’ ಎನ್ನುತ್ತಾರೆ. ಉರ್ದುವಿನಲ್ಲೂ ‘ಚಿರಾಗ್ ಬಢಾನಾ’ ಎಂದರೆ ದೀಪ ಆರಿಸುವುದೇ. ನಮ್ಮ ದಖ್ಖನಿಯ ‘ಆತೂಂ ಬೋಲ್ಕೆ ಬೋಲ್ಯಾ’ ಎಂಬ ಮಾತು ‘ಬರ್ತೀನಿ ಅಂತ ಹೇಳಿದ’ ಎಂಬ ಕನ್ನಡ ವಾಕ್ಯದ ಅಚ್ಚಿನಲ್ಲೇ ಎರಕವಾದದ್ದು. ಉತ್ತರ ಭಾರತದ ಉರ್ದು ಪಂಡಿತರು ಇದನ್ನು ಕೇಳಿ ಮೂಗು ಮುರಿಯಬಹುದು. ಶತಮಾನಗಳಿಂದ ಒಂದೇ ಸಂತೆಯಲ್ಲಿ ವ್ಯಾಪಾರ ಮಾಡಿದವರ ಮಾತು ಹೀಗೆಯೇ ಇರುತ್ತದೆ ಎಂದು ನಾನು ಹೇಳುತ್ತೇನೆ.

ದಿನ, ಹಬ್ಬ, ಬಂಧುತ್ವ

ಭಾಷೆಗಿಂತ ಒಳಗೆ ಹೋದರೆ ದಿನದ ಲೆಕ್ಕವೇ ಬೇರೆ. ನಮ್ಮಲ್ಲಿ ಸೂರ್ಯ ಮುಳುಗಿದಾಗ ಮರುದಿನ ಆರಂಭವಾಗುತ್ತದೆ. ಗುರುವಾರ ಸಂಜೆಯ ನಂತರ ಬರುವುದು ಜುಮ್ಮಾದ ರಾತ್ರಿ. ಆದ್ದರಿಂದಲೇ ಗುರುವಾರಕ್ಕೆ ಜುಮೇರಾತ್ ಎಂಬ ಹೆಸರು. ಹಿಂದೂ ಪಂಚಾಂಗದ ಪದ್ಧತಿಯಲ್ಲಿ ವಾರ ಬದಲಾಗುವುದು ಸೂರ್ಯೋದಯಕ್ಕೆ. ಗಡಿಯಾರದಲ್ಲಿ ಮಧ್ಯರಾತ್ರಿಗೆ. ‘ಜುಮ್ಮಾ ರಾತ್ರಿ ನಮ್ಮ ಮನೆಗೆ ಊಟಕ್ಕೆ ಬನ್ನಿ’ ಎಂದು ನಾವು ಕರೆದರೆ ನೆರೆಯವರು ಶುಕ್ರವಾರ ರಾತ್ರಿ ಬರುತ್ತಾರೆ. ನಾವು ಹಿಂದಿನ ರಾತ್ರಿಯೇ ಕಾದು ಬೇಸರಪಟ್ಟಿರುತ್ತೇವೆ.

ಹಬ್ಬದ ರಜೆಯ ಅರ್ಜಿಯೂ ಹೀಗೆಯೇ. ‘ಈದ್ ನಾಳೆಯೋ ನಾಡಿದ್ದೋ ಗೊತ್ತಿಲ್ಲ’ ಎಂದರೆ ಮುಖ್ಯೋಪಾಧ್ಯಾಯರಿಗೆ ‘ತಮ್ಮ ಹಬ್ಬವೇ ಇವರಿಗೆ ಗೊತ್ತಿಲ್ಲವೇ?’ ಎನ್ನಿಸುವುದು ಸಹಜ. ವಿವರಿಸಿದರೆ ಸುಲಭ. ಹಿಜ್ರಿ ತಿಂಗಳಿಗೆ 29 ಅಥವಾ 30 ದಿನ, ಚಂದ್ರ ಕಂಡ ಮೇಲೆಯೇ ತೀರ್ಮಾನ. ವರ್ಷಕ್ಕೆ 354 ಅಥವಾ 355 ದಿನ. ಸೌರ ವರ್ಷಕ್ಕಿಂತ ಸುಮಾರು 11 ದಿನ ಕಡಿಮೆ. ಯುಗಾದಿಯ ಪಂಚಾಂಗವೂ ಚಂದ್ರನದ್ದೇ. ಆದರೆ ಅಲ್ಲಿ ಸುಮಾರು ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಸೇರಿಸುವುದರಿಂದ ಯುಗಾದಿ ಮಾರ್ಚ್–ಏಪ್ರಿಲ್ ಬಿಟ್ಟು ಹೋಗುವುದಿಲ್ಲ. ನಮ್ಮಲ್ಲಿ ಹಾಗೆ ಸೇರಿಸುವುದಿಲ್ಲ. ಹಾಗಾಗಿ ರಮಜ಼ಾನ್ ಸುಮಾರು 33 ವರ್ಷಗಳಲ್ಲಿ ಬೇಸಿಗೆ, ಮಳೆ, ಚಳಿ ಎಲ್ಲವನ್ನೂ ಸುತ್ತಿ ಬರುತ್ತದೆ. ಒಬ್ಬ ವಿದ್ಯಾರ್ಥಿ ಇಷ್ಟನ್ನು ಕನ್ನಡದಲ್ಲಿ ಹೇಳಬಲ್ಲವನಾದರೆ ಅವನು ರಜೆಯನ್ನೂ ಪಡೆಯುತ್ತಾನೆ, ಗೌರವವನ್ನೂ ಪಡೆಯುತ್ತಾನೆ.

ರೋಜ಼ಾಕ್ಕೆ ಕನ್ನಡದಲ್ಲಿ ‘ಉಪವಾಸ’ ಎನ್ನುತ್ತೇವೆ. ಆದರೆ ನೆರೆಮನೆಯ ಉಪವಾಸದಲ್ಲಿ ಸಾಮಾನ್ಯವಾಗಿ ಹಾಲು, ಹಣ್ಣು, ನೀರು ನಡೆಯುತ್ತದೆ. ಅದಕ್ಕೇ ಬಿಸಿಲಲ್ಲಿ ಬಾಡಿದ ಮಗುವಿಗೆ ಗುರುಗಳು ‘ಊಟ ಬೇಡ ಮಗಾ, ನೀರಾದರೂ ಕುಡಿ’ ಎನ್ನುತ್ತಾರೆ. ಅದು ಧರ್ಮದ ಮೇಲಿನ ಕೈಯಲ್ಲ, ತಾಯ್ತನ. ಮಗು ಮುಖ ತಿರುಗಿಸುವ ಬದಲು ‘ಸರ್, ನಮ್ಮ ರೋಜ಼ಾದಲ್ಲಿ ಮಗ್ರಿಬ್‌ವರೆಗೆ ನೀರೂ ಇಲ್ಲ, ನಿಮ್ಮ ಕಾಳಜಿಗೆ ತುಂಬಾ ಸಂತೋಷವಾಯಿತು’ ಎಂದರೆ ಆ ಗುರುಗಳು ಜೀವನದಲ್ಲಿ ಮರೆಯುವುದಿಲ್ಲ. ನಾವೂ ಅಷ್ಟೇ. ಹಬ್ಬದ ದಿನ ಸಸ್ಯಾಹಾರಿ ನೆರೆಯವರನ್ನು ಕರೆದು ‘ಬಿರಿಯಾನಿ ಬೇಡವಾದರೆ ಬರೀ ಅನ್ನ ಹಾಕಿಕೊಳ್ಳಿ’ ಎಂದರೆ ಸಾಲದು. ಪಾತ್ರೆ, ಸೌಟು ಬೇರೆ ಇಟ್ಟಿದ್ದೇವೆ ಎಂದು ಮೊದಲೇ ತಿಳಿಸಬೇಕು. ಕೇಳಲು ಅವರಿಗೆ ಸಂಕೋಚವಿರುತ್ತದೆ.

ಬಂಧುತ್ವದ ವಿಷಯ ಇನ್ನೂ ಸೂಕ್ಷ್ಮ. ಕನ್ನಡದಲ್ಲಿ ತಾಯಿಯ ಅಣ್ಣತಮ್ಮನೂ ಮಾವ, ಹೆಣ್ಣು ಕೊಟ್ಟವರೂ ಮಾವ. ತಂದೆಯ ಸೋದರಿಯೂ ಅತ್ತೆ, ಗಂಡನ ತಾಯಿಯೂ ಅತ್ತೆ. ಸೋದರಮಾವನ ಮನೆಯಲ್ಲಿ ಸಂಬಂಧ ಬೆಳೆಸುವ ಪದ್ಧತಿ ಈ ನಾಡಿನಲ್ಲಿ ಇದ್ದುದರಿಂದ ಪದಗಳೂ ಹಾಗಿವೆ. ಆದರೆ ಅವರಲ್ಲಿ ಚಿಕ್ಕಪ್ಪ, ದೊಡ್ಡಪ್ಪನ ಮಕ್ಕಳು ಸ್ವಂತ ಅಣ್ಣತಂಗಿಯರೇ, ಮದುವೆಯ ಮಾತೇ ಇಲ್ಲ. ನಮ್ಮಲ್ಲಿ ಚಾಚಾನ ಮಕ್ಕಳೊಡನೆ ಮದುವೆಗೆ ಅನುಮತಿ ಇದೆ. ಅವರಲ್ಲಿ ಹಲವು ಮನೆತನಗಳಲ್ಲಿ ಅಕ್ಕನ ಮಗಳನ್ನು ಮಾವ ಮದುವೆಯಾಗುವ ರೂಢಿ ಇದೆ. ನಮ್ಮಲ್ಲಿ ಅದು ಖಡಾಖಂಡಿತವಾಗಿ ನಿಷಿದ್ಧ. ಎರಡೂ ಕಡೆಯವರು ಇನ್ನೊಬ್ಬರ ರೂಢಿ ಕೇಳಿ ಬೆಚ್ಚುತ್ತಾರೆ. ಕಾಲೇಜಿನ ಹುಡುಗರು ಇದನ್ನೇ ಹಿಡಿದು ಹಾಸ್ಯ ಮಾಡುವುದುಂಟು. ಎರಡು ಕಡೆಯೂ ಒಂದು ಮಿತಿ ಇದೆ, ಗೆರೆ ಎಳೆದ ಜಾಗ ಮಾತ್ರ ಬೇರೆ ಎಂದು ತಿಳಿದವರು ಹಾಸ್ಯ ಮಾಡುವುದಿಲ್ಲ.

ಹೆಸರಿನ ಬಗ್ಗೆ ಒಂದು ಮಾತು. ಅಬ್ದುಲ್ ರಹಮಾನ್ ಎಂದರೆ ಪರಮ ದಯಾಮಯನ ದಾಸ. ಬರೀ ‘ಅಬ್ದುಲ್’ ಎಂದರೆ ಮಾತು ಅರ್ಧಕ್ಕೇ ನಿಂತಂತೆ. ಗುರುಗಳು ಪೂರ್ತಿ ಹೆಸರು ಕರೆದರೆ ನಮಗೆ ಸಂತೋಷ. ನಮ್ಮ ಕಡೆಯ ಕರ್ತವ್ಯವೂ ಇದೆ. ಒಂದು ದಾಖಲೆಯಲ್ಲಿ ಮುಹಮ್ಮದ್, ಇನ್ನೊಂದರಲ್ಲಿ ಮಹಮ್ಮದ್, ಆಧಾರ್‌ನಲ್ಲಿ ಮೊಹಮ್ಮದ್ ಎಂದು ಬರೆಸಿದರೆ ವಿದ್ಯಾರ್ಥಿವೇತನದ ಅರ್ಜಿ ತಿರಸ್ಕೃತವಾಗುತ್ತದೆ. ಶಾಲೆಗೆ ಸೇರಿಸುವ ದಿನವೇ ಹೆಸರನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದುಕೊಂಡು ಹೋಗಿ.

ವೈದ್ಯರ ಮುಂದೆ ಮಗು

ತಾಯಂದಿರೇ, ಈ ಮಾತು ನಿಮಗೆ. ಆಸ್ಪತ್ರೆಗೆ ಹೋಗುವಾಗ ಕನ್ನಡ ಬರುತ್ತದೆಂದು ಹತ್ತು ವರ್ಷದ ಮಗನನ್ನು ಜೊತೆಗೆ ಕರೆದೊಯ್ಯುತ್ತೀರಿ. ನೀವು ‘ಪೇಟ್ ಮೇ ಜಲನ್’ ಎನ್ನುತ್ತೀರಿ. ಮಗ ವೈದ್ಯರಿಗೆ ‘ಅಮ್ಮನಿಗೆ ಹೊಟ್ಟೆ ಉರಿ’ ಎನ್ನುತ್ತಾನೆ. ಕನ್ನಡದಲ್ಲಿ ಹೊಟ್ಟೆ ಉರಿ ಎಂದರೆ ಅಸೂಯೆ! (ನಗು) ನಮ್ಮ ಭಾಷೆಯಲ್ಲೂ ಜಲನ್ ಎಂದರೆ ಅಸೂಯೆಯೇ, ನೋಡಿ. ‘ಹೊಟ್ಟೆಯಲ್ಲಿ ಉರಿಯುತ್ತದೆ’ ಎಂದಿದ್ದರೆ ಸರಿಯಾಗುತ್ತಿತ್ತು. ಇದು ನಗುವ ಮಾತು, ನಕ್ಕು ಬಿಡೋಣ.

ನಗಲಾಗದ ಮಾತು ಇನ್ನೊಂದಿದೆ. ಹೆಣ್ಣುಮಕ್ಕಳ ಕಾಯಿಲೆಗಳೆಲ್ಲವನ್ನೂ ಮಗನ ಬಾಯಿಂದ ಹೇಳಿಸಲು ಆಗುವುದಿಲ್ಲ. ತಾಯಿ ನಿಜವಾದ ತೊಂದರೆ ಬಿಟ್ಟು ‘ಸೊಂಟ ನೋವು, ತಲೆ ನೋವು’ ಎಂದು ಹೇಳಿಸಿ, ಗುಳಿಗೆ ತೆಗೆದುಕೊಂಡು ಮನೆಗೆ ಬರುತ್ತಾಳೆ. ರೋಗ ಒಳಗೇ ಬೆಳೆಯುತ್ತದೆ. ಕನ್ನಡ ಕಲಿಯುವುದೆಂದರೆ ಬರೀ ಸರ್ಕಾರಿ ನೌಕರಿಗೆ, ಪರೀಕ್ಷೆಯ ಅಂಕಕ್ಕೆ ಎಂದು ತಿಳಿಯಬೇಡಿ. ನೋವು, ಉರಿ, ಸೆಳೆತ, ತುರಿಕೆ, ರಕ್ತಸ್ರಾವ, ಮುಟ್ಟು, ತಲೆಸುತ್ತು, ಎಷ್ಟು ದಿನದಿಂದ, ದಿನಕ್ಕೆ ಎಷ್ಟು ಸಲ ಎಂಬ ಕೆಲವೇ ಮಾತುಗಳು ಒಂದು ಜೀವ ಉಳಿಸಬಹುದು. ಮಗನನ್ನು ಹೊರಗೆ ಕೂರಿಸಿ ನೀವೇ ಹೇಳುವಷ್ಟು ಕನ್ನಡ ನಿಮ್ಮದಾಗಲಿ. ತಪ್ಪಾದರೂ ಚಿಂತೆಯಿಲ್ಲ. ವೈದ್ಯರು ವ್ಯಾಕರಣಕ್ಕೆ ಅಂಕ ಕೊಡುವುದಿಲ್ಲ.

ಈ ದಾರಿ ಹೊಸದಲ್ಲ

ಕನ್ನಡ ಕಲಿತರೆ ನಮ್ಮತನ ಹೋಗುತ್ತದೆ ಎಂದು ಕೆಲವರಿಗೆ ಅಳುಕಿದೆ. ಚರಿತ್ರೆ ಏನು ಹೇಳುತ್ತದೆ? ಪ್ರವಾದಿಯವರು ತಮ್ಮ ಸಂಗಾತಿ ಝೈದ್ ಬಿನ್ ಸಾಬಿತ್ ಅವರಿಗೆ ಯಹೂದಿಯರ ಲಿಪಿ ಕಲಿಯಲು ಹೇಳಿದರೆಂದೂ, ಅವರು ಹದಿನೈದು ದಿನಗಳೊಳಗೆ ಕಲಿತು ಪತ್ರಗಳನ್ನು ಓದಿ ಬರೆಯತೊಡಗಿದರೆಂದೂ ಹದೀಸ್ ಗ್ರಂಥಗಳಲ್ಲಿ ಬರುತ್ತದೆ. ಜನರನ್ನು ಬೇರೆ ಬೇರೆ ಸಮುದಾಯಗಳಾಗಿ ಮಾಡಿದ್ದು ಅವರು ಪರಸ್ಪರ ಅರಿಯಲೆಂದು ಎಂಬ ಆಶಯ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯದಲ್ಲಿದೆ.

ನಮ್ಮ ನೆಲಕ್ಕೆ ಬರೋಣ. 1580ರಿಂದ 1627ರವರೆಗೆ ಬಿಜಾಪುರವನ್ನು ಆಳಿದ ಎರಡನೇ ಇಬ್ರಾಹಿಂ ಆದಿಲ್ ಶಾಹ್ ದಖ್ಖನಿಯಲ್ಲಿ ‘ಕಿತಾಬ್-ಎ-ನೌರಸ್’ ಎಂಬ ಸಂಗೀತ ಕೃತಿ ರಚಿಸಿದರು. ಅದರಲ್ಲಿ ಸರಸ್ವತಿಯ ಸ್ತುತಿಯಿದೆ. ಶಿಶುನಾಳದ ಶರೀಫರು (1819–1889) ಗೋವಿಂದ ಭಟ್ಟರನ್ನು ಗುರುವಾಗಿ ಪಡೆದರು. ಅವರ ಪದಗಳಿಲ್ಲದೆ ಇಂದು ಕನ್ನಡದ ಭಜನೆಯೂ ಇಲ್ಲ, ಸುಗಮ ಸಂಗೀತವೂ ಇಲ್ಲ. ಭೂವಿಜ್ಞಾನದ ಪ್ರಾಧ್ಯಾಪಕರಾಗಿದ್ದ ಕೆ.ಎಸ್. ನಿಸಾರ್ ಅಹಮದ್ (1936–2020) ಅವರ ‘ನಿತ್ಯೋತ್ಸವ’ವನ್ನು ಹಾಡದ ಶಾಲೆ ಈ ರಾಜ್ಯದಲ್ಲಿ ಇರಲಿಕ್ಕಿಲ್ಲ. ಕಾಸರಗೋಡಿನವರಾದ ಸಾರಾ ಅಬೂಬಕ್ಕರ್, ಬೊಳುವಾರು ಮಹಮದ್ ಕುಂಞಿ, ರಹಮತ್ ತರೀಕೆರೆ ಇವರೆಲ್ಲ ಕನ್ನಡದಲ್ಲಿ ಬರೆದು ಕನ್ನಡಿಗರೆಲ್ಲರ ಲೇಖಕರಾದವರು.

ಎಂಟನೇ ತರಗತಿಯ ಮೌನದ ಬಗ್ಗೆ ಆಗ ಹೇಳಿದೆನಲ್ಲ, ಅದಕ್ಕೆ ಉತ್ತರವಾಗಿ ಬಾನು ಮುಷ್ತಾಕ್ ಅವರನ್ನು ನೆನೆಯುತ್ತೇನೆ. ಎಂಟನೇ ವಯಸ್ಸಿನಲ್ಲಿ ಅವರನ್ನು ಶಿವಮೊಗ್ಗದ ಕನ್ನಡ ಮಾಧ್ಯಮದ ಮಿಷನರಿ ಶಾಲೆಗೆ ಸೇರಿಸಿದಾಗ, ಆರು ತಿಂಗಳೊಳಗೆ ಕನ್ನಡ ಓದು ಬರಹ ಕಲಿಯಬೇಕೆಂಬ ಷರತ್ತು ಇತ್ತು. ಆ ಹುಡುಗಿ ಕೆಲವೇ ದಿನಗಳಲ್ಲಿ ಬರೆಯತೊಡಗಿದಳು. 2025ರಲ್ಲಿ ಅವರ ಕಥೆಗಳ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಕನ್ನಡಕ್ಕೆ ಬಂದ ಮೊದಲ ಬೂಕರ್ ಅದು. ಅನುವಾದ ಮಾಡಿದವರು ಕೊಡಗಿನ ದೀಪಾ ಭಾಸ್ತಿ. ಅವರು ಕಥೆಗಳಲ್ಲಿದ್ದ ಎಷ್ಟೋ ಕನ್ನಡ, ಉರ್ದು, ಅರಬ್ಬಿ ಪದಗಳನ್ನು ಹಾಗೆಯೇ ಉಳಿಸಿಕೊಂಡಿದ್ದಾರೆ. ನಮ್ಮ ಅಡುಗೆಮನೆಯ ಮಾತು ಕನ್ನಡದ ಮೂಲಕವೇ ಲಂಡನ್ನಿಗೆ ಹೋಯಿತು. ಕನ್ನಡ ಕಲಿತದ್ದರಿಂದ ಅವರ ಉರ್ದು ಮನೆ ಕಳೆದುಹೋಗಲಿಲ್ಲ, ಲೋಕಕ್ಕೆ ಕಾಣಿಸಿತು.

ಏನು ಮಾಡಬೇಕು?

ಕೊನೆಯದಾಗಿ ಕೆಲವು ಸಲಹೆಗಳು. ಇವಕ್ಕೆ ಹೆಚ್ಚಿನ ಹಣ ಬೇಕಿಲ್ಲ.

ಮೊದಲನೆಯದು, ಸಂಘದ ಹಿರಿಯರಲ್ಲಿ. ಏಳನೇ ತರಗತಿ ಮುಗಿದು ಎಂಟಕ್ಕೆ ಹೋಗುವ ಮಕ್ಕಳಿಗೆ ಏಪ್ರಿಲ್–ಮೇ ರಜೆಯಲ್ಲಿ ಒಂದು ತಿಂಗಳ ಸೇತುವೆ ತರಗತಿ ನಡೆಸೋಣ. ಗಣಿತ, ವಿಜ್ಞಾನ, ಸಮಾಜದ ಮುಖ್ಯ ಪದಗಳನ್ನು ಉರ್ದು, ಕನ್ನಡ ಎರಡರಲ್ಲೂ ಬರೆದ ಒಂದು ಸಣ್ಣ ಪುಸ್ತಿಕೆ ತಯಾರಿಸೋಣ. ಆ ಪುಸ್ತಿಕೆಯ ಕೆಲಸಕ್ಕೆ ನಾನು ಸಿದ್ಧಳಿದ್ದೇನೆ. ಇತರ ಶಿಕ್ಷಕರೂ ಕೈಜೋಡಿಸಬೇಕೆಂದು ಕೋರುತ್ತೇನೆ.

ಎರಡನೆಯದು, ಪಾಲಕರಲ್ಲಿ. ದಿನಕ್ಕೆ ಹತ್ತು ನಿಮಿಷ ಮಗು ಕನ್ನಡ ಪತ್ರಿಕೆಯನ್ನು ಗಟ್ಟಿಯಾಗಿ ಓದಲಿ, ತಾಯಿ ಕೇಳಲಿ. ಓದಿದ್ದನ್ನು ಮಗು ಉರ್ದುವಿನಲ್ಲಿ ತಾಯಿಗೆ ಹೇಳಲಿ. ಇದರಿಂದ ಇಬ್ಬರೂ ಕಲಿಯುತ್ತೀರಿ, ಎರಡೂ ಭಾಷೆ ಉಳಿಯುತ್ತವೆ. ಉರ್ದು ಬಿಡಿ ಎಂದು ನಾನು ಯಾರಿಗೂ ಹೇಳುತ್ತಿಲ್ಲ. ಮನೆಮಾತು ಗಟ್ಟಿಯಾಗಿರುವ ಮಗುವೇ ಎರಡನೆಯ ಭಾಷೆಯನ್ನು ಚೆನ್ನಾಗಿ ಕಲಿಯುತ್ತದೆ ಎಂಬುದು ನಮ್ಮ ಬಿ.ಎಡ್. ಪಾಠ ಮಾತ್ರವಲ್ಲ, ನನ್ನ ತರಗತಿಯ ಅನುಭವ ಕೂಡ.

ಮೂರನೆಯದು, ಕನ್ನಡ ಶಾಲೆಗಳ ಗುರುಗಳಲ್ಲಿ. ಹೊಸದಾಗಿ ಬಂದ ಮಗುವಿನ ಮೌನವನ್ನು ದಡ್ಡತನವೆಂದು ತಿಳಿಯಬೇಡಿ. ಉತ್ತರಕ್ಕೆ ಇನ್ನೊಂದು ನಿಮಿಷ ಕಾಯಿರಿ. ‘ನೀನು’ ಎಂದರೆ ಸಿಟ್ಟಾಗದೆ, ‘ನೀವು ಅನ್ನಬೇಕು ಮಗಾ’ ಎಂದು ತಿದ್ದಿ. ಒಂದು ವಾರದಲ್ಲಿ ಸರಿಹೋಗುತ್ತದೆ.

ನಾಲ್ಕನೆಯದು, ವಿದ್ಯಾರ್ಥಿಗಳಲ್ಲಿ. ಯಾರದೋ ಮಾತು ಚುಚ್ಚಿದಂತಾದರೆ, ಮನೆಗೆ ಹೋಗಿ ದೂರು ಹೇಳುವ ಮೊದಲು ‘ನೀವು ಹೇಳಿದ್ದರ ಅರ್ಥ ಏನು?’ ಎಂದು ವಿನಯದಿಂದ ಕೇಳಿ. ಬೇಕ೦ತಲೇ ಅವಮಾನ ಮಾಡುವವರೂ ಲೋಕದಲ್ಲಿ ಇದ್ದಾರೆ, ಇಲ್ಲವೆಂದು ನಾನು ಹೇಳುವುದಿಲ್ಲ. ಅದು ನಿಜವಾದಾಗ ಹಿರಿಯರಿಗೆ ತಿಳಿಸಿ. ಆದರೆ ಕೇಳದೆ ತೀರ್ಮಾನಿಸಿದರೆ, ‘ನೀರಾದರೂ ಕುಡಿ’ ಎಂದ ಗುರುವನ್ನೂ ಅವಮಾನಿಸಿದವನನ್ನೂ ನಾವು ಒಂದೇ ತಕ್ಕಡಿಯಲ್ಲಿ ತೂಗಿದಂತಾಗುತ್ತದೆ.

ಕನ್ನಡದಲ್ಲಿ ಮನೆಯಿಂದ ಹೊರಡುವಾಗ ‘ಹೋಗುತ್ತೇನೆ’ ಎನ್ನುವುದಿಲ್ಲ, ‘ಹೋಗಿ ಬರುತ್ತೇನೆ’ ಎನ್ನುತ್ತಾರೆ. ನಮ್ಮ ಮನೆಗಳಲ್ಲೂ ಹಾಗೆಯೇ, ‘ಜಾಕೆ ಆತೂಂ’. ನಮ್ಮ ಮಕ್ಕಳು ಉರ್ದುವಿನಿಂದ ಕನ್ನಡಕ್ಕೆ ಹೋಗುವುದೂ ಹೀಗೆ ಹೋಗಿ ಬರುವುದೇ ಆಗಿರಲಿ.